ಗಿರಣಿಯಲ್ಲಿ ಗುಮಾಸ್ತ, ಮನೆಯಿಂದ ಸಾಹುಕಾರ

ಓದುಗರ ಕಂಪ್ಯೂಟರ್ ಪ್ರಶ್ನೆಗಳಿಗೆ ಬಳ್ಳಾರಿಯಿಂದ ಉತ್ತರ

ಪ್ರಶ್ನೆ: ಅಕ್ಕಾವ್ರಿಗೆ ನಮಸ್ಕಾರ. ನಾನು ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಕಂಪ್ಯೂಟರ್ ಉಸ್ತುವಾರಿಯೂ ನನ್ನದೇ. ಲಾರಿ ಕಾಟಾ ಮೇಲೆ ನಿಂತಾಗ ತೂಕದ ಚೀಟಿ ಹೊಡೆಯುವ ಪ್ರಿಂಟರ್ ಆಗಾಗ ನಿಂತುಬಿಡುತ್ತದೆ. ಆಗ ಪ್ರಿಂಟ್ ಕೆಲಸಗಳನ್ನು ಸಾಲಿನಲ್ಲಿಟ್ಟು ಕಳಿಸುವ ವಿಂಡೋಸ್‌ನ ಪ್ರಿಂಟ್ ಸ್ಪೂಲರ್ ನಿಲ್ಲಿಸಿ ಮತ್ತೆ ಶುರು ಮಾಡಬೇಕು. ಗಿರಣಿಯಲ್ಲಿ ಕೂತು ಕಮಾಂಡ್ ಕಿಟಕಿಯಲ್ಲಿ ‘ನೆಟ್ ಸ್ಟಾಪ್ ಸ್ಪೂಲರ್’ ಎಂದು ಹೊಡೆದರೆ ‘ಸಿಸ್ಟಮ್ ಎರರ್ 5, ಆಕ್ಸೆಸ್ ಈಸ್ ಡಿನೈಡ್’ ಅನ್ನುತ್ತದೆ. ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಕೇಳಿದಾಗ ‘ಯೆಸ್’ ಒತ್ತಿದರಷ್ಟೇ ಕೆಲಸ ಆಗುವುದು. ಮೊನ್ನೆ ರಾತ್ರಿ ಪ್ರಿಂಟರ್ ನಿಂತಿತು, ನಾಲ್ಕು ಲಾರಿ ಸಾಲುಗಟ್ಟಿದ್ದವು. ಮನೆಯ ಲ್ಯಾಪ್‌ಟಾಪಿನಿಂದ, ದೂರದ ಯಂತ್ರಕ್ಕೆ ಕಮಾಂಡ್ ಕಳಿಸುವ ಎಸ್‌ಎಸ್‌ಎಚ್ ಮೂಲಕ ಅದೇ ಹೆಸರು, ಅದೇ ಪಾಸ್‌ವರ್ಡ್ ಹಾಕಿ ಒಳಗೆ ಹೋದೆ. ಅದೇ ಕಮಾಂಡ್ ಹೊಡೆದೆ. ಒಂದು ಮಾತೂ ಕೇಳದೆ ಸ್ಪೂಲರ್ ನಿಂತಿತು! ಕಿಟಕಿಯ ತಲೆಪಟ್ಟಿ ನೋಡಿದರೆ ‘ಅಡ್ಮಿನಿಸ್ಟ್ರೇಟರ್’ ಎಂದು ಬರೆದಿತ್ತು. ನಾನು ಕೇಳದ ಅಧಿಕಾರ ನನಗೆ ಬಂದದ್ದು ಹೇಗೆ? ಕಾಟಾ ಸಾಫ್ಟ್‌ವೇರ್ ಹಾಕಲು ಬಂದಿದ್ದ ಹುಡುಗ ಎಸ್‌ಎಸ್‌ಎಚ್ ಕೂರಿಸಿ, ರೂಟರ್‌ನಲ್ಲಿ ಅದಕ್ಕೆ ಹೊರಗಿನಿಂದ ಬರುವ ಬಾಗಿಲಾದ 22ನೇ ಪೋರ್ಟ್ ತೆರೆದಿಟ್ಟು ಹೋಗಿದ್ದ. ಯಾರಾದರೂ ಒಳಗೆ ಹೊಕ್ಕು ಏನಾದರೂ ಬದಲಿಸಿರಬಹುದೇ? ಸಾಹುಕಾರರಿಗೆ ಇನ್ನೂ ಹೇಳಿಲ್ಲ.
— ಗಿರಣಿ ಗುಮಾಸ್ತ, ಕಾರಟಗಿ

ಉತ್ತರ: ತಮ್ಮಾ, ಮೊದಲು ನೀರು ಕುಡಿದು ಕೂತುಕೊಳ್ಳಿ. ನೀವು ಬರೆದಷ್ಟರಲ್ಲಿ ಕಳ್ಳ ಹೊಕ್ಕ ಗುರುತು ನನಗೆ ಕಾಣುತ್ತಿಲ್ಲ. ವಿಂಡೋಸ್‌ನ ಎಸ್‌ಎಸ್‌ಎಚ್ ನಡೆದುಕೊಳ್ಳುವುದೇ ಹೀಗೆ. ಆದರೆ 22ನೇ ಪೋರ್ಟಿನ ವಿಷಯ ಓದಿ ನನಗೆ ನಿದ್ದೆ ಬರಲಿಲ್ಲ. ಅಲ್ಲಿಗೆ ಆಮೇಲೆ ಬರುತ್ತೇನೆ.

ನಿಮ್ಮ ಖಾತೆ ಆ ಯಂತ್ರದ ಅಡ್ಮಿನಿಸ್ಟ್ರೇಟರ್ಸ್ ಗುಂಪಿನಲ್ಲಿದೆ. ರೈಟ್ ಕ್ಲಿಕ್ ಮಾಡಿದಾಗ ಬೇರೆಯವರ ಪಾಸ್‌ವರ್ಡ್ ಕೇಳದೆ ಬರೀ ‘ಯೆಸ್’ ಒತ್ತಿಸಿಕೊಂಡು ಬಿಡುತ್ತಿದೆ ಅಂದಮೇಲೆ ಅದು ಖಚಿತ. ಅಂದರೆ ಅಧಿಕಾರ ನಿಮಗೆ ಮೊದಲಿನಿಂದಲೂ ಇತ್ತು. ಗಿರಣಿಯಲ್ಲಿ ಕೂತಾಗ ವಿಂಡೋಸ್ ಅದನ್ನು ಮುಚ್ಚಿಟ್ಟಿರುತ್ತದೆ.

ಇದಕ್ಕೊಂದು ಹಿನ್ನೆಲೆ ಇದೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಮನೆ, ಅಂಗಡಿಗಳ ಯಂತ್ರದಲ್ಲಿ ಎಲ್ಲರೂ ಇಡೀ ದಿನ ಅಡ್ಮಿನ್ ಆಗಿಯೇ ಓಡಾಡುತ್ತಿದ್ದರು. ಒಂದು ಕೆಟ್ಟ ಫೈಲ್ ತೆರೆದರೆ ಅದಕ್ಕೂ ಅಷ್ಟೇ ಅಧಿಕಾರ ಸಿಗುತ್ತಿತ್ತು. 2007ರಲ್ಲಿ ಜನರ ಕೈಗೆ ಬಂದ ವಿಸ್ಟಾದಲ್ಲಿ ಮೈಕ್ರೋಸಾಫ್ಟ್ ಇದಕ್ಕೆ ಕಡಿವಾಣ ಹಾಕಿತು. ಅಡ್ಮಿನ್ ಗುಂಪಿನವರು ಯಂತ್ರದ ಮುಂದೆ ಕೂತು ಲಾಗಿನ್ ಆದರೆ ವಿಂಡೋಸ್ ಎರಡು ಟೋಕನ್ ಬರೆಯುತ್ತದೆ. ನಿಮ್ಮ ಗಿರಣಿಯ ಗೇಟಿನಲ್ಲಿ ಲಾರಿಗೆ ಚೀಟಿ ಕೊಡುತ್ತಾರಲ್ಲ, ಹಾಗೆ ಅಂದುಕೊಳ್ಳಿ. ಒಂದು ಚೀಟಿ ಅಂಗಳದವರೆಗೆ ಮಾತ್ರ. ಇನ್ನೊಂದು ಗೋದಾಮಿನ ಬೀಗದವರೆಗೆ. ದಿನದ ಕೆಲಸಕ್ಕೆಲ್ಲ ಮೊದಲನೆಯ ಚೀಟಿ. ಸ್ಪೂಲರ್ ನಿಲ್ಲಿಸುವಂಥ ಕೆಲಸಕ್ಕೆ ಎರಡನೆಯದು ಬೇಕು, ಅದನ್ನು ಕೊಡುವ ಮುನ್ನ ಪರದೆ ಮಸುಕು ಮಾಡಿ ‘ಹೌದೇ, ಅಲ್ಲವೇ’ ಎಂದು ಕೇಳುತ್ತದೆ.

ಎಸ್‌ಎಸ್‌ಎಚ್‌ನಲ್ಲಿ ಮಸುಕಾಗಲು ಪರದೆಯೇ ಇಲ್ಲ. ನೀವು ಮನೆಯಲ್ಲಿದ್ದೀರಿ, ಗಿರಣಿಯ ಮಾನಿಟರ್ ಮುಂದೆ ಯಾರೂ ಇಲ್ಲ, ‘ಯೆಸ್’ ಒತ್ತುವವರು ಯಾರು? ಎಸ್‌ಎಸ್‌ಎಚ್ ಲಾಗಿನ್ ಎದುರು ಕೂತು ಮಾಡಿದ ಲಾಗಿನ್ ಪೈಕಿಯಲ್ಲ, ಹಾಗಾಗಿ ಅಲ್ಲಿ ಟೋಕನ್ ಎರಡಾಗುವುದಿಲ್ಲ. ಅಡ್ಮಿನ್ ಗುಂಪಿನವರಿಗೆ ದೊಡ್ಡ ಚೀಟಿ ಬಾಗಿಲಲ್ಲೇ ಕೈಗೆ ಬರುತ್ತದೆ. ಲಾಗ್‌ಔಟ್ ಆಗುವವರೆಗೆ ನೀವು ಹೊಡೆಯುವ ಪ್ರತಿ ಕಮಾಂಡೂ ಪೂರ್ತಿ ಅಧಿಕಾರದಿಂದಲೇ ನಡೆಯುತ್ತದೆ.

ನನ್ನ ಮಾತು ನಂಬಬೇಡಿ, ಕಣ್ಣಿಂದ ನೋಡಿ. ಗಿರಣಿಯಲ್ಲಿ ಸಾಮಾನ್ಯ ಕಮಾಂಡ್ ಕಿಟಕಿ ತೆರೆದು ‘ಹೂ ಆಮ್ ಐ’ ಎಂಬುದನ್ನು ಒಂದೇ ಪದವಾಗಿ ಹೊಡೆದು, ಒಂದು ಜಾಗ ಬಿಟ್ಟು, ಸ್ಲ್ಯಾಶ್ ಹಾಕಿ ‘ಗ್ರೂಪ್ಸ್’ ಎಂದು ಹೊಡೆಯಿರಿ. ಉದ್ದ ಪಟ್ಟಿ ಬರುತ್ತದೆ. ಅದರಲ್ಲಿ ಅಡ್ಮಿನಿಸ್ಟ್ರೇಟರ್ಸ್ ಸಾಲಿನ ಬಲತುದಿಗೆ ‘ಗ್ರೂಪ್ ಯೂಸ್ಡ್ ಫಾರ್ ಡಿನೈ ಓನ್ಲಿ’ ಎಂದಿರುತ್ತದೆ, ಅಂದರೆ ಹೆಸರಿಗೆ ಗುಂಪಿನಲ್ಲಿದ್ದೀರಿ, ಬಲ ಇಲ್ಲ. ‘ಮ್ಯಾಂಡೇಟರಿ ಲೇಬಲ್’ ಎಂಬ ಸಾಲಿನಲ್ಲಿ ‘ಮೀಡಿಯಂ’ ಎಂದಿರುತ್ತದೆ. ಅದೇ ಕಮಾಂಡನ್ನು ಮನೆಯಿಂದ ಎಸ್‌ಎಸ್‌ಎಚ್‌ನಲ್ಲಿ ಹೊಡೆಯಿರಿ. ಆ ‘ಡಿನೈ’ ಹೋಗಿ ‘ಎನೇಬಲ್ಡ್ ಗ್ರೂಪ್’ ಬಂದಿರುತ್ತದೆ, ‘ಮೀಡಿಯಂ’ ಇದ್ದಲ್ಲಿ ‘ಹೈ’ ಇರುತ್ತದೆ. ಎರಡೂ ಪಟ್ಟಿಯನ್ನು ಪ್ರಿಂಟ್ ತೆಗೆದು ಪಕ್ಕಪಕ್ಕ ಇಡಿ, ಸಾಹುಕಾರರಿಗೆ ತೋರಿಸಲೂ ಅನುಕೂಲ. ಆಮೇಲೆ ‘ನೆಟ್ ಲೋಕಲ್‌ಗ್ರೂಪ್ ಅಡ್ಮಿನಿಸ್ಟ್ರೇಟರ್ಸ್’ ಎಂದು ಹೊಡೆದರೆ ಆ ಗುಂಪಿನಲ್ಲಿರುವವರ ಹೆಸರೆಲ್ಲ ಬರುತ್ತದೆ. ನಿಮಗೆ ಗುರುತಿಲ್ಲದ ಹೆಸರು ಅಲ್ಲಿ ಕಂಡರೆ ಗಾಬರಿ ಆಗುವುದಕ್ಕೆ ಕಾರಣ ಇದೆ. ಅಂಥದ್ದೇನಾದರೂ ಇದ್ದರೆ ಯಂತ್ರದ ನೆಟ್ ತಂತಿ ಕಿತ್ತು ನನಗೆ ಬರೆಯಿರಿ.

ಇದರಿಂದ ಏನಾಗಬಹುದು ಎಂದು ನಾನು ಅನುಭವಿಸಿದ್ದೇನೆ. ಪಾಲಿಟೆಕ್ನಿಕ್ ಲ್ಯಾಬಿನ ಕೆಲಸ ಬಿಟ್ಟ ಮೇಲೆ ಕೌಲ್ ಬಜಾರ್ ಕಡೆಯ ಒಂದು ಜೀನ್ಸ್ ಹೊಲಿಗೆ ಘಟಕದ ಯಂತ್ರ ನೋಡಿಕೊಳ್ಳುತ್ತಿದ್ದೆ. ಟೈಲರ್‌ಗಳು ದಿನಕ್ಕೆ ಎಷ್ಟು ಪೀಸ್ ಹೊಲಿದರು ಎಂಬ ಲೆಕ್ಕ ಅದರಲ್ಲಿತ್ತು. ಶನಿವಾರ ಬಟವಾಡೆ. ಶುಕ್ರವಾರ ರಾತ್ರಿ ಹತ್ತರ ಮೇಲೆ, ಡಿ ಡ್ರೈವ್ ತುಂಬಿದೆ ಎಂದು ಫೋನ್ ಬಂತು. ಮನೆಯಿಂದ ಎಸ್‌ಎಸ್‌ಎಚ್‌ನಲ್ಲಿ ಹೋದೆ. ಸಿ ಡ್ರೈವಿನ ಪ್ರೋಗ್ರಾಂ ಫೈಲ್ಸ್‌ನಲ್ಲಿದ್ದ ಆ ಪೀಸ್-ಲೆಕ್ಕದ ಸಾಫ್ಟ್‌ವೇರಿನ ಫೋಲ್ಡರ್‌ಗೆ ಹೋಗಿ ಅದರ ಸೆಟ್ಟಿಂಗ್ ನೋಡಿದೆ, ಹಳೆಯ ಬ್ಯಾಕಪ್ ಡಿ ಡ್ರೈವಿನಲ್ಲಿ ಎಲ್ಲಿ ಬೀಳುತ್ತಿದೆ ಎಂದು ತಿಳಿಯಿತು. ‘ಸಿಡಿ’ ಎಂದು ಹೊಡೆದು ಡಿ ಡ್ರೈವಿನ ಆ ಫೋಲ್ಡರ್ ಹೆಸರು ಕೊಟ್ಟೆ. ಕಮಾಂಡ್ ಕಿಟಕಿಯಲ್ಲಿ ಬರೀ ‘ಸಿಡಿ’ ಹೊಡೆದರೆ ಡ್ರೈವ್ ಬದಲಾಗುವುದಿಲ್ಲ, ಜೊತೆಗೆ ‘ಸ್ಲ್ಯಾಶ್ ಡಿ’ ಕೂಡ ಬೇಕು. ಇದನ್ನೇ ನೂರಾರು ಮಕ್ಕಳಿಗೆ ಲ್ಯಾಬಿನಲ್ಲಿ ಹೇಳಿಕೊಟ್ಟವಳು ನಾನು. ಆ ರಾತ್ರಿ ಹೊಡೆಯಲಿಲ್ಲ. ಪ್ರಾಂಪ್ಟ್ ಇನ್ನೂ ‘ಸಿ’ ಎಂದೇ ತೋರಿಸುತ್ತಿತ್ತು, ಅದನ್ನೂ ನೋಡಲಿಲ್ಲ. ಎಲ್ಲವನ್ನೂ ಕೇಳದೆ ಅಳಿಸುವ ‘ಡೆಲ್’ ಕಮಾಂಡ್ ಕೊಟ್ಟುಬಿಟ್ಟೆ.

‘ಡಿಲೀಟೆಡ್ ಫೈಲ್’, ‘ಡಿಲೀಟೆಡ್ ಫೈಲ್’ ಎಂದು ಸಾಲು ಸಾಲಾಗಿ ಮೇಲೇರತೊಡಗಿತು. ಆರೇಳು ಸಾಲು ಹೋದಮೇಲೆ ಹೆಸರುಗಳು ಬ್ಯಾಕಪ್‌ನವಲ್ಲ ಎಂದು ಕಣ್ಣಿಗೆ ಬಿತ್ತು. ಕಂಟ್ರೋಲ್-ಸಿ ಒತ್ತುವಷ್ಟರಲ್ಲಿ ಅರ್ಧ ಸಾಫ್ಟ್‌ವೇರ್ ಹೋಗಿತ್ತು. ಅದೇ ತಪ್ಪನ್ನು ಘಟಕದಲ್ಲಿ ಕೂತು ಮಾಡಿದ್ದರೆ ಪ್ರೋಗ್ರಾಂ ಫೈಲ್ಸ್‌ನ ಒಂದು ಫೈಲಿಗೂ ಏಟು ಬೀಳುತ್ತಿರಲಿಲ್ಲ. ‘ಆಕ್ಸೆಸ್ ಈಸ್ ಡಿನೈಡ್’ ಎಂದು ಪ್ರತಿ ಸಾಲಿಗೂ ತಡೆಯುತ್ತಿತ್ತು. ಲೆಕ್ಕದ ದತ್ತಾಂಶ ಡಿ ಡ್ರೈವಿನಲ್ಲಿ ಸುರಕ್ಷಿತವಾಗಿತ್ತು, ಆದರೆ ಅದನ್ನು ತೆರೆಯುವ ಸಾಫ್ಟ್‌ವೇರನ್ನು ಮತ್ತೆ ಹಾಕಿಸಲು ಶನಿವಾರ ಮಧ್ಯಾಹ್ನ ದಾಟಿತು. ಬಟವಾಡೆಗೆ ಬಂದ ಹೆಣ್ಣುಮಕ್ಕಳು ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಸಂಜೆವರೆಗೆ ಮೆಟ್ಟಿಲ ಮೇಲೆ ಕೂತಿದ್ದರು. ಒಬ್ಬಾಕೆ ಮಾತ್ರ ‘ಸಂತಿ ಮುಗೀತೈತ್ರಿ ಮೇಡಮ್ಮಾರ’ ಅಂದಳು. ಅವತ್ತಿನಿಂದ ನಾನು ಅಡ್ಮಿನ್ ಖಾತೆಯಲ್ಲಿ ದಿನದ ಕೆಲಸ ಮಾಡಿಲ್ಲ.

ಈಗ ನೀವು ಮಾಡಬೇಕಾದ್ದು. ಭಾನುವಾರವೋ, ಕಾಟಾ ಖಾಲಿ ಇರುವ ಹೊತ್ತೋ ನೋಡಿಕೊಂಡು ಗಿರಣಿಯ ಯಂತ್ರದ ಮುಂದೆಯೇ ಕೂತು ಮಾಡಿ, ದೂರದಿಂದ ಬೇಡ. ನಡುವೆ ಒಂದು ಅಕ್ಷರ ತಪ್ಪಿದರೂ ನೀವೇ ಹೊರಗುಳಿಯುತ್ತೀರಿ. ಹೊಸದಾಗಿ ಒಂದು ಅಡ್ಮಿನ್ ಖಾತೆ ಮಾಡಿ, ಅದರ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಸಾಹುಕಾರರ ತಿಜೋರಿಯಲ್ಲಿಡಿಸಿ. ಅದರಲ್ಲಿ ಒಮ್ಮೆ ಲಾಗಿನ್ ಆಗಿ ಎಲ್ಲ ಸರಿಯಿದೆ ಎಂದು ನೋಡಿದ ಮೇಲೆ ನಿಮ್ಮ ಈಗಿನ ಖಾತೆಯನ್ನು ಅಡ್ಮಿನ್ ಗುಂಪಿನಿಂದ ತೆಗೆದು ಸ್ಟ್ಯಾಂಡರ್ಡ್ ಮಾಡಿ. ಟೋಕನ್ ಬರೆಯುವುದು ಲಾಗಿನ್ ಹೊತ್ತಿನಲ್ಲಿ, ಆದ್ದರಿಂದ ಪೂರ್ತಿ ಲಾಗ್‌ಔಟ್ ಆಗಿ ಮತ್ತೆ ಬಂದರಷ್ಟೇ ಬದಲಾವಣೆ ಕಾಣುವುದು. ಟ್ಯಾಲಿ, ಕಾಟಾ ಸಾಫ್ಟ್‌ವೇರ್ ಎರಡನ್ನೂ ತೆರೆದು ಪರೀಕ್ಷೆಗೆಂದು ಒಂದು ಚೀಟಿ ಹೊಡೆದು ನೋಡಿ. ಹಳೆಯ ಕಾಟಾ ಸಾಫ್ಟ್‌ವೇರ್‌ಗಳು ತಮ್ಮ ದತ್ತಾಂಶವನ್ನು ಪ್ರೋಗ್ರಾಂ ಫೈಲ್ಸ್‌ನಲ್ಲೇ ಬರೆಯಲು ಹೋಗುತ್ತವೆ, ಆಗ ಸ್ಟ್ಯಾಂಡರ್ಡ್ ಖಾತೆಯಲ್ಲಿ ತಕರಾರು ಮಾಡಬಹುದು. ಹಾಗಾದರೆ ಆ ಒಂದು ಫೋಲ್ಡರಿಗೆ ಮಾತ್ರ ನಿಮ್ಮ ಖಾತೆಗೆ ಬರೆಯುವ ಅನುಮತಿ ಕೊಡಿ. ಇಡೀ ಯಂತ್ರದ ಅಧಿಕಾರ ಯಾಕೆ?

ಇಷ್ಟಾದ ಮೇಲೆ ಮನೆಯಿಂದ ಎಸ್‌ಎಸ್‌ಎಚ್ ಮಾಡಿದರೆ ನೀವು ಅಲ್ಲಿಯೂ ಗುಮಾಸ್ತರೇ. ಸ್ಪೂಲರ್ ನಿಲ್ಲಿಸುವುದು ಆಗುವುದಿಲ್ಲ. ನೀವೇ ಕಳಿಸಿದ ಚೀಟಿ ಸಿಕ್ಕಿಕೊಂಡಿದ್ದರೆ ಆ ಪ್ರಿಂಟ್ ಕೆಲಸವನ್ನು ರದ್ದು ಮಾಡಲು ಅಡ್ಮಿನ್ ಆಗಬೇಕಿಲ್ಲ, ಬಹಳ ಸಲ ಅಷ್ಟರಲ್ಲೇ ಲಾರಿ ಮುಂದೆ ಹೋಗುತ್ತದೆ. ಅದಕ್ಕೂ ಬಗ್ಗದಿದ್ದರೆ ಆ ಹೊಸ ಅಡ್ಮಿನ್ ಖಾತೆಯಲ್ಲಿ ಹೋಗಿ, ಸ್ಪೂಲರ್ ಕೆಲಸ ಮುಗಿಸಿ, ‘ಎಕ್ಸಿಟ್’ ಹೊಡೆದು ಹೊರಬನ್ನಿ. ದೂರದಿಂದ ಅಡ್ಮಿನ್ ಯಾರೂ ಬರಲೇಬಾರದು ಅನ್ನುವುದಾದರೆ ಎಸ್‌ಎಸ್‌ಎಚ್‌ನ ಸೆಟ್ಟಿಂಗ್ ಇರುವ ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಫೈಲಿನಲ್ಲಿ ‘ಡಿನೈ ಗ್ರೂಪ್ಸ್ ಅಡ್ಮಿನಿಸ್ಟ್ರೇಟರ್ಸ್’ ಎಂಬ ಸಾಲು ಸೇರಿಸಿ ಸೇವೆಯನ್ನು ಮರುಚಾಲನೆ ಮಾಡಿದರಾಯಿತು. ‘ಡಿನೈ ಗ್ರೂಪ್ಸ್’ ಎಂಬುದನ್ನು ಜಾಗ ಬಿಡದೆ ಕೂಡಿಸಿ ಬರೆಯಬೇಕು. ಸುಗ್ಗಿಯಲ್ಲಿ ರಾತ್ರಿಯೆಲ್ಲ ಲಾರಿ ಬರುವ ನಿಮ್ಮಂಥ ಗಿರಣಿಗೆ ನಾನು ಅಷ್ಟು ಬಿಗಿ ಹೇಳುವುದಿಲ್ಲ.

ಇನ್ನು ಆ ಹುಡುಗ ಬಿಟ್ಟುಹೋದ ಬಾಗಿಲು. ರೂಟರ್‌ನಲ್ಲಿ 22ನೇ ಪೋರ್ಟ್ ಇಡೀ ಲೋಕಕ್ಕೆ ತೆರೆದಿದೆ, ಪಾಸ್‌ವರ್ಡ್ ಒಂದಿದ್ದರೆ ಸಾಕು, ಒಳಬಂದವನಿಗೆ ‘ಯೆಸ್’ ಒತ್ತುವ ತೊಂದರೆಯೂ ಇಲ್ಲದೆ ಪೂರ್ತಿ ಅಧಿಕಾರ! ವಿಂಡೋಸ್ ಬರೆದಿಟ್ಟ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆರೆದು, ಅಪ್ಲಿಕೇಷನ್ಸ್ ಅಂಡ್ ಸರ್ವಿಸಸ್ ಲಾಗ್ಸ್‌ನಲ್ಲಿ ಓಪನ್‌ಎಸ್‌ಎಸ್‌ಎಚ್, ಅದರಲ್ಲಿ ಆಪರೇಷನಲ್ ನೋಡಿ. ‘ಫೇಲ್ಡ್ ಪಾಸ್‌ವರ್ಡ್’ ಎಂದು ರೂಟ್, ಅಡ್ಮಿನ್, ಟೆಸ್ಟ್ ಎಂಬ ಹೆಸರುಗಳಲ್ಲಿ ಹಗಲು ರಾತ್ರಿ ಯಾರೋ ಬಾಗಿಲು ತಟ್ಟಿರುವುದು ಕಾಣುತ್ತದೆ. ಇಂಟರ್ನೆಟ್ಟಿಗೆ ತೆರೆದ 22ನೇ ಪೋರ್ಟಿನ ಪಾಡೇ ಅದು, ಅಷ್ಟಕ್ಕೇ ಹೆದರಬೇಡಿ. ‘ಆಕ್ಸೆಪ್ಟೆಡ್’ ಎಂದಿರುವ ಸಾಲುಗಳನ್ನು ಹುಡುಕಿ. ಪ್ರತಿಯೊಂದಕ್ಕೂ ಹೆಸರು, ಐಪಿ ವಿಳಾಸ, ಹೊತ್ತು ಇರುತ್ತದೆ. ನೀವು ಲಾಗಿನ್ ಆದ ದಿನಗಳ ಜೊತೆ ತಾಳೆ ಹಾಕಿ. ಅಲ್ಲೇ ಸೆಕ್ಯುರಿಟಿ ಎಂಬ ದಾಖಲೆಯಲ್ಲಿ 4672 ಎಂಬ ಸಂಖ್ಯೆಯನ್ನೂ ಸೋಸಿ ನೋಡಿ. ಅಡ್ಮಿನ್ ಬಲದ ಲಾಗಿನ್ ಆದಾಗಲೆಲ್ಲ ಅದು ಬೀಳುತ್ತದೆ. ‘ಸಿಸ್ಟಮ್’ ಹೆಸರಿನವು ರಾಶಿ ಇರುತ್ತವೆ, ಅವು ವಿಂಡೋಸ್‌ನವೇ, ಬಿಡಿ. ಮನುಷ್ಯರ ಖಾತೆಗಳನ್ನು ಮಾತ್ರ ನೋಡಿ.

ಅದೇ ದಿನ ರೂಟರ್‌ನಲ್ಲಿ ಆ ಪೋರ್ಟ್ ಮುಚ್ಚಿ. ಮನೆಯಿಂದ ಬರಲು ವೈರ್‌ಗಾರ್ಡ್‌ನಂಥ ವಿಪಿಎನ್, ಅಂದರೆ ಇಂಟರ್ನೆಟ್ಟಿನೊಳಗೊಂದು ಖಾಸಗಿ ದಾರಿ, ಹಾಕಿಸಿ, ಎಸ್‌ಎಸ್‌ಎಚ್ ಅದರೊಳಗಿಂದ ಮಾತ್ರ ನಡೆಯಲಿ. ಪಾಸ್‌ವರ್ಡ್ ಬದಲು ಕೀ ಬಳಸಿ, ಅಂದರೆ ನಿಮ್ಮ ಲ್ಯಾಪ್‌ಟಾಪಿನಲ್ಲಿರುವ ಗುಟ್ಟಿನ ಫೈಲ್ ಮತ್ತು ಗಿರಣಿಯ ಯಂತ್ರದಲ್ಲಿಡುವ ಅದರ ಜೋಡಿ. ಕೀ ಕೆಲಸ ಮಾಡಿದ್ದು ಖಾತ್ರಿಯಾದ ಮೇಲೆ ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ.

ಸಾಹುಕಾರರಿಗೆ ಈ ವಾರವೇ ಹೇಳಿ, ತಮ್ಮಾ. ಆ ಎರಡು ಪ್ರಿಂಟ್ ಹಾಳೆ ಮುಂದಿಟ್ಟು, ಇದು ಹೀಗಿತ್ತು, ಹೀಗೆ ಸರಿ ಮಾಡುತ್ತಿದ್ದೇನೆ ಅನ್ನಿ. ನೀವಾಗಿ ಕಂಡುಹಿಡಿದದ್ದು ಇದು. ಮುಚ್ಚಿಟ್ಟರೆ ನಾಳೆ ಏನೇ ಆದರೂ ನಿಮ್ಮ ಮೈಮೇಲೆ ಬರುತ್ತದೆ.

ಪ್ರಶ್ನೆ: ಎಸ್‌ಎಸ್‌ಎಚ್ ಎಂಬ ಕರಿ ಪರದೆ ಯಾಕೆ ಬೇಕು ಮೇಡಂ? ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಇದೆಯಲ್ಲ?
— ಓದುಗರು, ಸಿಂಧನೂರು

ಉತ್ತರ: ಇದೆ. ಮೇಲಿನ ಗುಮಾಸ್ತರ ತೊಂದರೆ ಅಲ್ಲಿ ಬರುವುದೂ ಇಲ್ಲ, ಏಕೆಂದರೆ ರಿಮೋಟ್ ಡೆಸ್ಕ್‌ಟಾಪಿನಲ್ಲಿ ಪೂರ್ತಿ ಪರದೆ ಸಿಗುತ್ತದೆ, ವಿಂಡೋಸ್ ಟೋಕನ್ ಎರಡು ಮಾಡಿ ‘ಯೆಸ್’ ಕೇಳುತ್ತದೆ. ಆದರೆ ವಿಂಡೋಸ್ ಹೋಮ್ ಇರುವ ಯಂತ್ರಕ್ಕೆ ಹಾಗೆ ಹೊರಗಿನಿಂದ ಹೋಗಲಾಗದು, ಪ್ರೊ ಬೇಕು. ಊರ ಕಡೆಯ ನೆಟ್ ಎಳೆದಾಡುವ ಹೊತ್ತಿನಲ್ಲಿ ಒಂದು ಕಮಾಂಡ್ ಕಳಿಸಲು ಎಸ್‌ಎಸ್‌ಎಚ್‌ಗೆ ಸಾಟಿಯಿಲ್ಲ. ಅದು ಹುಟ್ಟಿದ್ದು 1995ರಲ್ಲಿ, ಫಿನ್‌ಲ್ಯಾಂಡಿನಲ್ಲಿ. ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕದ್ದು ಕೂತು ಪಾಸ್‌ವರ್ಡ್ ಹೆಕ್ಕಿದ ಮೇಲೆ ತಾತು ಯುಲೊನೆನ್ ಅದನ್ನು ಬರೆದರು. ಅಲ್ಲಿಯವರೆಗೆ ಬಳಕೆಯಲ್ಲಿದ್ದ ಟೆಲ್ನೆಟ್‌ನಲ್ಲಿ ಪಾಸ್‌ವರ್ಡ್ ತಂತಿಯ ಮೇಲೆ ಬಟಾಬಯಲಾಗಿ ಹೋಗುತ್ತಿತ್ತು. ಈಗ ಎಲ್ಲೆಡೆ ಓಡುವ ಓಪನ್‌ಎಸ್‌ಎಸ್‌ಎಚ್ ಅನ್ನು 1999ರಲ್ಲಿ ಓಪನ್‌ಬಿಎಸ್‌ಡಿಯವರು ಹೊರತಂದರು. ವಿಂಡೋಸ್ 10ಕ್ಕೆ ಅದರ ಸರ್ವರ್ ಬೇಕೆಂದವರು ಸೇರಿಸಿಕೊಳ್ಳುವ ಸೌಲಭ್ಯವಾಗಿ 2018ರಲ್ಲಿ ಬಂತು.

ಪ್ರಶ್ನೆ: ಎಂಜಿನಿಯರಿಂಗ್ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗಾಗಿ ಕ್ಲೌಡ್‌ನಲ್ಲಿ ಒಂದು ಉಬುಂಟು ಸರ್ವರ್ ತೆಗೆದುಕೊಂಡೆ. ಎಸ್‌ಎಸ್‌ಎಚ್‌ನಲ್ಲಿ ಹೋಗಿ, ರೂಟ್ ಎಂಬ ಮುಖ್ಯ ಖಾತೆಯ ಅಧಿಕಾರದಿಂದ ಕಮಾಂಡ್ ನಡೆಸುವ ‘ಸುಡೊ’ ಹೊಡೆದರೆ ಪಾಸ್‌ವರ್ಡೇ ಕೇಳುವುದಿಲ್ಲ. ನನ್ನ ಲ್ಯಾಪ್‌ಟಾಪಿನ ಉಬುಂಟು ಕೇಳುತ್ತದೆ. ಇದೂ ವಿಂಡೋಸ್ ಥರಾನೇ?
— ವಿದ್ಯಾರ್ಥಿನಿ, ರಾಯಚೂರು

ಉತ್ತರ: ಕಾಣುವುದಕ್ಕೆ ಒಂದೇ ಥರ, ಕಾರಣ ಬೇರೆ. ತಂಗಿ, ಲಿನಕ್ಸ್‌ನಲ್ಲಿ ನೀವು ಎಲ್ಲಿಂದ ಬಂದಿರಿ ಎಂದು ನೋಡಿ ಅಧಿಕಾರ ಹೆಚ್ಚು ಕಡಿಮೆ ಆಗುವುದಿಲ್ಲ. ‘ಐಡಿ’ ಎಂದು ಹೊಡೆದು ನೋಡಿ, ನಿಮ್ಮ ಸಂಖ್ಯೆ 1000 ಎಂದೇ ಇರುತ್ತದೆ, ರೂಟ್‌ನದ್ದು 0. ಕ್ಲೌಡ್‌ನಲ್ಲಿ ಸಿಗುವ ‘ಉಬುಂಟು’ ಎಂಬ ಖಾತೆಗೆ ಪಾಸ್‌ವರ್ಡೇ ಇರುವುದಿಲ್ಲ, ಕೀ ಮಾತ್ರ. ಇಲ್ಲದ ಪಾಸ್‌ವರ್ಡನ್ನು ಸುಡೊ ಕೇಳಿ ಮಾಡುವುದೇನು? ಅದಕ್ಕೇ ಸರ್ವರ್ ಮೊದಲ ಸಲ ಏಳುವಾಗಲೇ ‘ನೋಪಾಸ್‌ವರ್ಡ್’ ಅರ್ಥದ ಒಂದು ಸಾಲು ಇಟಿಸಿಯೊಳಗಿನ ಸುಡೊಯರ್ಸ್ ಡಾಟ್ ಡಿ ಫೋಲ್ಡರಿನಲ್ಲಿ ಬಿದ್ದಿರುತ್ತದೆ. ‘ಸುಡೊ’, ಜಾಗ, ‘ಅಡ್ಡಗೆರೆ ಎಲ್’ ಹೊಡೆದರೆ ನಿಮಗೆ ಏನೇನು ಅನುಮತಿ ಇದೆ ಎಂದು ಅದೇ ಹೇಳುತ್ತದೆ. ಈ ಏರ್ಪಾಟಿನಲ್ಲಿ ನಿಮ್ಮ ಖಾಸಗಿ ಕೀ ಫೈಲೇ ಸರ್ವರ್‌ನ ಸರ್ವಸ್ವ. ಅದನ್ನು ಪ್ರಾಜೆಕ್ಟ್ ಗೆಳತಿಯರಿಗೆ ವಾಟ್ಸಾಪ್‌ನಲ್ಲಿ ಕಳಿಸಬೇಡಿ, ದಯವಿಟ್ಟು. ಪ್ರತಿಯೊಬ್ಬರಿಗೂ ಅವರದೇ ಖಾತೆ ಮಾಡಿ, ಅವರದೇ ಸಾರ್ವಜನಿಕ ಕೀ ಹಾಕಿ, ಸುಡೊ ಬೇಕಾದವರಿಗಷ್ಟೇ ಕೊಡಿ. ಇನ್ನೊಂದು: ಸಾಫ್ಟ್‌ವೇರನ್ನು ಡಬ್ಬಿಗಳಂತೆ ಬೇರೆಬೇರೆ ಓಡಿಸುವ ಡಾಕರ್ ಬಳಸಲು ಗೆಳತಿಯರನ್ನು ‘ಡಾಕರ್’ ಗುಂಪಿಗೆ ಸೇರಿಸಿದರೆ ಅವರಿಗೆ ರೂಟ್ ಕೊಟ್ಟಂತೆಯೇ. ಸುಡೊ ಪಟ್ಟಿಯಲ್ಲಿ ಅದು ಕಾಣಿಸುವುದೂ ಇಲ್ಲ.

ಪ್ರಶ್ನೆ: ನಾನು ವಿಂಡೋಸ್ ಯಂತ್ರದಲ್ಲಿ ನನ್ನ ಖಾತೆಯ ಫೋಲ್ಡರಿನ ಎಸ್‌ಎಸ್‌ಎಚ್ ಜಾಗದಲ್ಲೇ ಕೀ ಹಾಕಿದ್ದೇನೆ. ಹತ್ತು ಸಲ ನೋಡಿದೆ, ತಪ್ಪಿಲ್ಲ. ಆದರೂ ಪಾಸ್‌ವರ್ಡ್ ಕೇಳುತ್ತದೆ. ಎರಡು ದಿನ ಹಾಳಾಯಿತು.
— ಓದುಗರು, ಸಿರುಗುಪ್ಪ

ಉತ್ತರ: ನಿಮ್ಮ ಖಾತೆಯೂ ಅಡ್ಮಿನ್ ಗುಂಪಿನದು ಎಂದು ಕಾಣುತ್ತದೆ. ಆ ಗುಂಪಿನವರಿಗೆ ವಿಂಡೋಸ್‌ನ ಎಸ್‌ಎಸ್‌ಎಚ್ ಅವರ ಸ್ವಂತ ಫೋಲ್ಡರ್ ನೋಡುವುದೇ ಇಲ್ಲ. ಸಿ ಡ್ರೈವಿನಲ್ಲಿ ಪ್ರೋಗ್ರಾಂಡೇಟಾ ಎಂಬ ಅಡಗಿದ ಫೋಲ್ಡರ್ ಇದೆ, ಅದರೊಳಗಿನ ಎಸ್‌ಎಸ್‌ಎಚ್‌ನಲ್ಲಿ ‘ಅಡ್ಮಿನಿಸ್ಟ್ರೇಟರ್ಸ್ ಆಥರೈಸ್ಡ್ ಕೀಸ್’ ಎಂಬ ಫೈಲನ್ನು ಮಾತ್ರ ಓದುತ್ತದೆ. ಹೆಸರಿನ ಪದಗಳ ನಡುವೆ ಅಂಡರ್‌ಸ್ಕೋರ್ ಇರಬೇಕು, ಕೊನೆಗೆ ಟಿಎಕ್ಸ್‌ಟಿ ಎಂಬ ಬಾಲ ಇರಬಾರದು. ನೋಟ್‌ಪ್ಯಾಡ್ ಆ ಬಾಲವನ್ನು ತಾನಾಗಿ ಅಂಟಿಸುತ್ತದೆ. ಫೈಲಿನ ಅನುಮತಿ ಅಡ್ಮಿನಿಸ್ಟ್ರೇಟರ್ಸ್ ಗುಂಪಿಗೂ ಸಿಸ್ಟಮ್‌ಗೂ ಮಾತ್ರ ಇರಬೇಕು, ಬೇರೆಯವರಿಗಿದ್ದರೆ ಎಸ್‌ಎಸ್‌ಎಚ್ ಆ ಫೈಲನ್ನು ಒಪ್ಪುವುದಿಲ್ಲ.

ಆದರೆ ಕೀ ಅಲ್ಲಿಗೆ ಹಾಕುವ ಮೊದಲು ಒಂದು ವಿಷಯ ತಿಳಿದಿರಿ. ಆ ಫೈಲ್ ಇಡೀ ಗುಂಪಿಗೆ ಒಂದೇ. ಅದರಲ್ಲಿ ಒಂದು ಸಾಲು ಇರುವವನು ನಿಮ್ಮ ಹೆಸರಿನಲ್ಲೂ ಬರಬಹುದು, ಗುಂಪಿನ ಬೇರೆ ಯಾವ ಅಡ್ಮಿನ್ ಹೆಸರಿನಲ್ಲೂ ಬರಬಹುದು, ಬಂದರೆ ಪೂರ್ತಿ ಅಧಿಕಾರವೇ. ಆದ್ದರಿಂದ ನಿಮಗೂ ನನ್ನ ಸಲಹೆ, ಖಾತೆಯನ್ನು ಸ್ಟ್ಯಾಂಡರ್ಡ್ ಮಾಡಿ. ಆಗ ನೀವು ಈಗಾಗಲೇ ಹಾಕಿಟ್ಟ ಕೀ ಅದೇ ಜಾಗದಲ್ಲಿ ಕೆಲಸ ಮಾಡುತ್ತದೆ, ಆ ಎರಡು ದಿನವೂ ದಂಡವಾಗುವುದಿಲ್ಲ.

ಕಾರಟಗಿಯ ತಮ್ಮನೂ ಈ ಉತ್ತರ ಓದಬೇಕು. ಆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಒಂದು ಸಾಲಿಗೆ ಒಂದು ಕೀ, ಸಾಲಿನ ಕೊನೆಯಲ್ಲಿ ಸಾಮಾನ್ಯವಾಗಿ ಅದನ್ನು ಮಾಡಿದವರ ಹೆಸರು, ಅವರ ಯಂತ್ರದ ಹೆಸರು ಇರುತ್ತದೆ. ಕಾಟಾ ಸಾಫ್ಟ್‌ವೇರಿನ ಹುಡುಗನ ಸಾಲು ಇನ್ನೂ ಅಲ್ಲಿದ್ದರೆ ಅವನಿಗೆ ಫೋನ್ ಮಾಡಿ ತಿಳಿಸಿ, ತೆಗೆದುಹಾಕಿ. ಮುಂದೆ ರಿಪೇರಿಗೆ ಅವನು ಬೇಕಾದಾಗ ಅವನದೇ ಒಂದು ಸ್ಟ್ಯಾಂಡರ್ಡ್ ಖಾತೆ ಮಾಡಿಕೊಟ್ಟು, ಕೆಲಸ ಮುಗಿದ ಸಂಜೆ ಅದನ್ನು ನಿಷ್ಕ್ರಿಯ ಮಾಡಿ.